ಏಳು ಸುತ್ತಿನ ಮೋಟಾರು

ಕೊರೋನಾ ಮುಗಿದ ಮೇಲಿನ ಎರಡನೆಯ ಬೇಸಿಗೆ. ನಾನು ಸಿದ್ದಾಪುರ ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ನಡೆಸುತ್ತಿದ್ದೆ. ಆಗ ನನಗೆ ಎಪ್ಪತ್ತು ವರ್ಷ. ಸುಟ್ಟ ಮೋಟಾರಿನ ತಂತಿ ಬಿಚ್ಚಿ ಹೊಸ ತಂತಿ ಸುತ್ತುವುದು ನನ್ನ ಕೆಲಸ. ಹದಿನೇಳನೇ ವಯಸ್ಸಿಗೆ ಇದೇ ಅಂಗಡಿಗೆ ಕಸ ಗುಡಿಸಲು ಬಂದೆ. ಆಮೇಲೆ ಸುಟ್ಟ ಕಾಯಿಲ್, ಅಂದರೆ ತಂತಿಯ ಸುರುಳಿ, ಕೀಳಲು ಕೂತೆ. ಕೈ ಚುರುಕಿದೆ ಎಂದು ಕಂಡ ಮೇಲೆ ಮೇಸ್ತ್ರಿ ಸುತ್ತುವುದನ್ನೂ ಕಲಿಸಿದರು. ಓದಿದ್ದು ಮೂರನೇ ಇಯತ್ತೆ. ಅಂಕಿ ಬರುತ್ತದೆ, ಬಸ್ಸಿನ ಬೋರ್ಡು ಓದುತ್ತೇನೆ. ಸುತ್ತು ತಪ್ಪದೆ ಎಣಿಸಲು ಅಷ್ಟು ಸಾಕು. ಮೇಸ್ತ್ರಿ ತೀರಿಕೊಂಡ ಮೇಲೆ ಅವರ ಮನೆಯವರಿಗೆ ಅಂಗಡಿ ಬೇಡವಾಗಿತ್ತು, ನನಗೆ ಬೇಕಿತ್ತು. ಹಾಗೆ ನನ್ನದಾಯಿತು. ಮೊದಲು ಪಂಪ್‌ಸೆಟ್ಟು, ಹಿಟ್ಟಿನ ಗಿರಣಿ ಮೋಟಾರು ಮಾತ್ರ ಬರುತ್ತಿದ್ದವು. ಆಮೇಲೆ ಇನ್ವರ್ಟರ್, ಸೋಲಾರ್ ಬೇಲಿ ಬಂದು ಬ್ಯಾಟರಿ ಕೆಲಸವೂ ಕಲಿತೆ.

ನಮ್ಮ ಕಡೆಯ ವೈಂಡಿಂಗಿಗೆ ಒಂದು ಪದ್ಧತಿ ಇದೆ. ಬೇಸಿಗೆಯಲ್ಲಿ ಲೈನಿನ ಕೊನೆಯ ತೋಟಗಳಿಗೆ ಬರುವ ಕರೆಂಟು ನಿತ್ರಾಣದ್ದು. ಇನ್ನೂರ ಮೂವತ್ತು ವೋಲ್ಟ್ ಇರಬೇಕಾದಲ್ಲಿ ನೂರ ಎಪ್ಪತ್ತೂ ಇರುವುದಿಲ್ಲ. ಕಂಪನಿಯವರು ಸುತ್ತಿದ ಹಾಗೆಯೇ ಸುತ್ತಿಕೊಟ್ಟರೆ ಪಂಪು ಗುಂಯ್ ಎಂದು ಅಲ್ಲೇ ನಿಲ್ಲುತ್ತದೆ. ಅದಕ್ಕೆ ನಾವು ಸುತ್ತು ಕಮ್ಮಿ ಮಾಡಿ ತಂತಿ ದಪ್ಪ ಮಾಡುತ್ತೇವೆ. ಸುತ್ತು ಕಮ್ಮಿಯಾದ ಮೋಟಾರು ಹೆಚ್ಚು ಆಂಪಿಯರ್ ಎಳೆಯುತ್ತದೆ, ಅಂದರೆ ಒಂದೇ ಸಲಕ್ಕೆ ಹೆಚ್ಚು ಕರೆಂಟು ಕುಡಿಯುತ್ತದೆ. ವೋಲ್ಟೇಜು ಬಡವಾದರೂ ಎದ್ದು ಓಡುತ್ತದೆ. ಲೈನಿನಲ್ಲಿ ಆಂಪಿಯರಿಗೆ ಬರವಿಲ್ಲ, ಎಳೆದಷ್ಟೂ ಬರುತ್ತದೆ. ಐವತ್ತು ವರ್ಷ ಹೀಗೆಯೇ ಸುತ್ತಿದ್ದೇನೆ. ತಲೆ ಕೇಳುವ ಮೊದಲು ಕೈ ಒಂದು ಸುತ್ತು ಬಿಟ್ಟಿರುತ್ತಿತ್ತು.

ಆ ವರ್ಷ ಯುಗಾದಿ ಕಳೆದು ವಾರಕ್ಕೆ ಮಂಜುನಾಥ ಹೆಗಡೆಯವರು ಅಂಗಡಿಗೆ ಬಂದರು. ಹೆಗ್ಗರಣೆ ಕಡೆಯವರು, ಐವತ್ತೈದರ ಆಸುಪಾಸು, ಮಾವಿನ ಕಸಿ ಕಟ್ಟುವುದರಲ್ಲಿ ಪಳಗಿದ ಕೈ. ಯಾರ ಜೊತೆಗೂ ಮನೆಮಾತನ್ನೇ ಆಡುವವರು; ಅದರಲ್ಲಿ ಆನು ಎಂದರೆ ನಾನು, ಆಯಿ ಎಂದರೆ ಅವ್ವ, ಎಂದು ಎನ್ನುವಲ್ಲಿ ಹೇಳಿ ಎನ್ನುತ್ತಾರೆ. ಅಪ್ಪೆ ಮರ ಹುಡುಕಿಕೊಂಡು ಹಳ್ಳ ಹೊಳೆ ತಿರುಗಿದ್ದೇ ಅವರ ಅರ್ಧ ಆಯುಷ್ಯ. ಅಪ್ಪೆ ಎಂದರೆ ನೀರಿನ ದಂಡೆಯಲ್ಲಿ ಬೆಳೆಯುವ ಕಾಡುಮಾವು. ಅದರ ಎಳೆಯ ಮಿಡಿ ಉಪ್ಪಿನಕಾಯಿಗೆ. ಒಂದು ಮರದ ಪರಿಮಳ ಇನ್ನೊಂದಕ್ಕಿಲ್ಲ. ಹೀಗೆ ತಿರುಗುವುದಕ್ಕೆಂದೇ ಅವರು ಒಂದು ಹಳೆಯ ಬೈಕಿನ ಮೈಮೇಲಿದ್ದದ್ದನ್ನೆಲ್ಲ ಕಿತ್ತು, ಮಡ್‌ಗಾರ್ಡ್ ಎತ್ತರಿಸಿ, ಹಲ್ಲಿನ ಟಯರ್ ಹಾಕಿಸಿ, ಕಲ್ಲು ಮಣ್ಣಿಗೆ ಒಗ್ಗುವ ಡರ್ಟ್ ಬೈಕ್ ಮಾಡಿಕೊಂಡಿದ್ದರು. ಮೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆಯ ಹುಣ್ಣು ಮಾಯದೆ ಅವರ ಎಡಪಾದ ತೆಗೆದು ಮರದ ಕಾಲು ಹಾಕಬೇಕಾಯಿತು. ಬೈಕಿನ ಗೇರು ಇರುವುದು ಎಡಪಾದಕ್ಕೆ. ಬೈಕು ಕೊಟ್ಟಿಗೆ ಸೇರಿತು. ಗೇರಿಲ್ಲದ ಸ್ಕೂಟರ್ ತೆಗೆದುಕೊಂಡು ನೋಡಿದರು. ಅದರ ಸಣ್ಣ ಚಕ್ರ ಟಾರು ಬಿಟ್ಟು ಇಳಿಯಲಿಲ್ಲ.

ಇಂಜಿನ್ ತೆಗೆದು ಕರೆಂಟಿನ ಮೋಟಾರು ಕೂರಿಸಿಕೊಡು ಎಂದರು. ಮೋಟಾರಿಗೆ ಗೇರು ಬೇಡ, ಕ್ಲಚ್ ಬೇಡ, ಕಿಕ್ ಬೇಡ. ಬಲಗೈ ತಿರುಗಿಸಿದರೆ ಹೋಗುತ್ತದೆ. ಮಳೆ ಹಿಡಿಯುವುದರೊಳಗೆ ಆಗಬೇಕು ಎಂದರು.

ಎಲ್ಲಿಗೆ ಹೋಗಬೇಕು ಅಷ್ಟು ಅರ್ಜೆಂಟಿನಲ್ಲಿ ಎಂದು ಕೇಳಿದೆ.

"ಮೇಲಿನಕೇರಿಗೆ. ನಿನ್ನ ಆಯಿ ಮರ ಈ ಮಳೆಗಾಲ ದಾಟ್ತಿಲ್ಲೆ ಹೇಳಿ ಸುದ್ದಿ, ಗೌರಕ್ಕ."

ಮೇಲಿನಕೇರಿ ನಾನು ಹುಟ್ಟಿದ ಜಾಗ. ಗುಡ್ಡದ ಮೇಲೆ ಒಂದು ಹಳ್ಳದ ಬದಿಗೆ ನಾಲ್ಕು ಮನೆ. ನೀರು, ದಾರಿ, ಶಾಲೆ ಎಂದು ಒಬ್ಬೊಬ್ಬರೇ ಇಳಿದು ಬಂದು ನಾಲ್ಕೂ ಮನೆ ಖಾಲಿಯಾಗಿ ಮೂವತ್ತು ವರ್ಷದ ಮೇಲಾಯಿತು. ಕೊನೆಗೆ ಇಳಿದವನು ನನ್ನ ತಮ್ಮ. ಅವನೂ ಈಗಿಲ್ಲ. ಹಳ್ಳದ ದಂಡೆಯಲ್ಲಿ ಏಳು ಮಾವಿನ ಮರ, ಅದರಲ್ಲಿ ಅಪ್ಪೆ ಒಂದೇ. ಅವ್ವ ಅದರ ಮಿಡಿ ಉಪ್ಪಿಗೆ ಹಾಕಿದರೆ ನಾಲ್ಕು ವರ್ಷವಾದರೂ ಹಲ್ಲಿಗೆ ಕಟಕ್ ಎನ್ನುತ್ತಿತ್ತು. ಜೀರಿಗೆಯ ವಾಸನೆ, ಅದರ ಬೆನ್ನಿಗೆ ಕರ್ಪೂರದ್ದೊಂದು ಚೂರು. ಅಂಥ ಮಿಡಿ ನಾನು ಮತ್ತೆ ಎಲ್ಲೂ ತಿಂದಿಲ್ಲ. ಎಷ್ಟೋ ವರ್ಷದ ಹಿಂದೆ ಅದರ ಕೊನೆಯ ಜಾಡಿಯಿಂದ ಎರಡು ಮಿಡಿ ಬುತ್ತಿಯಲ್ಲಿ ತಂದಿದ್ದಾಗ, ಪಂಪು ಒಯ್ಯಲು ಬಂದ ಹೆಗಡೆಯವರು ವಾಸನೆಗೆ ನಿಂತು ಒಂದನ್ನು ಕೇಳಿ ತಿಂದರು. ಪಂಪು ಅಲ್ಲೇ ಬಿಟ್ಟು ಮರ ಎಲ್ಲಿ ಎಂದು ಕೇಳಿದರು. ಮಾರನೇ ದಿನ ನನ್ನ ತಮ್ಮನ ಜೊತೆ ಗುಡ್ಡ ಹತ್ತಿದರು. ಆ ಸಲ ಕಸಿಗೆ ತಂದ ಕಡ್ಡಿ ಒಂದೂ ಹಿಡಿಯಲಿಲ್ಲ; ತಮ್ಮ ತೋರಿಸಿದ ಮರ ಏಳರಲ್ಲಿ ಯಾವುದೆಂದೂ ವರ್ಷ ಕಳೆದಂತೆ ಅವರಿಗೆ ಮರೆತುಹೋಯಿತು. ಮತ್ತೆ ಹೋದರಾಯಿತು ಎಂದು ಇದ್ದರು. ಅಷ್ಟರಲ್ಲಿ ಕಾಲು ಹೋಯಿತು.

ಹಿಂದಿನ ಮಳೆಗಾಲದಲ್ಲಿ ಹಳ್ಳ ದಂಡೆ ಕೊರೆದು ಮರ ನೀರಿನ ಕಡೆ ವಾಲಿತ್ತು. ಬೇರು ಅರ್ಧ ಹೊರಗೆ. ಮರ ಬಿದ್ದರೆ ಆ ತಳಿಯೇ ಮುಗಿಯಿತು, ಬೇರೆಲ್ಲೂ ಅದರ ಗಿಡ ಇಲ್ಲ. ಹೆಗಡೆಯವರು ಎರಡು ಸಲ ಆಳು ಕಳಿಸಿ ಕಡ್ಡಿ ತರಿಸಿದ್ದರು. ಎರಡು ಸಲವೂ ಪಕ್ಕದ ಹುಳಿಮಾವಿನ ಕಡ್ಡಿ ಬಂತು. ಮಿಡಿ ಇಲ್ಲದಾಗ ಏಳೂ ಮರ ಒಂದೇ ರೀತಿ ಕಾಣುತ್ತವೆ. ಅದೂ ಅಲ್ಲದೆ ಕಸಿಯ ಕಡ್ಡಿ ಹೋದ ದಿನವೇ ಕುಯ್ದು ತರುವಂಥದ್ದಲ್ಲ. ಒಮ್ಮೆ ಹೋಗಿ, ಬಲಿತ ಕುಡಿ ಆರಿಸಿ, ಎಲೆ ಚಿವುಟಿ ತೊಟ್ಟು ಮಾತ್ರ ಬಿಟ್ಟು ಬರಬೇಕು. ಹತ್ತು ದಿನದಲ್ಲಿ ಕುಡಿಯ ಮೊಗ್ಗು ಉಬ್ಬುತ್ತದೆ. ಆಗ ಹೋಗಿ ಕುಯ್ಯಬೇಕು. ಎರಡು ಸಲ ಹತ್ತಬೇಕು, ಅದೂ ಮಳೆ ಹಿಡಿಯುವ ಮುಂಚೆ.

ಜೀಪು ಹೋಗುವುದಿಲ್ಲ, ಮೋರಿ ಎರಡು ಕಡೆ ಕಿತ್ತುಹೋಗಿದೆ. ಮೊದಲೆಲ್ಲ ಅಲ್ಲಿಂದ ಕಾಯಿಲೆಯವರನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಇಳಿಸುತ್ತಿದ್ದರು. ಹೆಗಡೆಯವರನ್ನು ಹಾಗೆ ಹೊತ್ತು ಹತ್ತಿಸುವ ಮಾತೂ ಬಂತಂತೆ. ದಾರಿಯಲ್ಲಿ ಸಿಕ್ಕವರು ಹೆಣವೆಂದು ಕೈ ಮುಗಿದಾರು ಎಂದು ಅವರು ಒಪ್ಪಲಿಲ್ಲ. ಹೊರುವ ಹೆಗಲುಗಳೂ ಈಗ ಇಲ್ಲ ಬಿಡಿ.

ನಾನು ಒಂದು ಕರಾರು ಹಾಕಿದೆ. ಬೈಕ್ ಮಾಡಿಕೊಡುತ್ತೇನೆ, ಹಿಂದೆ ನಾನೂ ಕೂತು ಬರುತ್ತೇನೆ, ಮರ ತೋರಿಸುತ್ತೇನೆ. ಮರ ತೋರಿಸುವುದು ನೆಪ ಅಂತಲೇ ಇಟ್ಟುಕೊಳ್ಳಿ. ಮಂಡಿ ಸವೆದು ಹನ್ನೆರಡು ವರ್ಷದಿಂದ ಗುಡ್ಡ ಹತ್ತಿರಲಿಲ್ಲ. ನನಗೆ ಅಲ್ಲಿಗೆ ಹೋಗಬೇಕಿತ್ತು.

ಸಾಮಾನು ಕೂಡಿಸಲು ಹದಿನೈದು ದಿನ ಹಿಡಿಯಿತು. ಯಲ್ಲಾಪುರದಲ್ಲಿ ಹೆದ್ದಾರಿಯ ಬದಿಯ ಗುಜರಿಯಲ್ಲಿ, ಅಪಘಾತವಾದ ಕರೆಂಟಿನ ಗೂಡ್ಸ್ ರಿಕ್ಷಾ ಒಂದಿತ್ತು. ಅದರ ಬ್ಯಾಟರಿ ಪೆಟ್ಟಿಗೆ ಬಿಚ್ಚಿಸಿ, ಒಂದೊಂದೇ ಸೆಲ್ ಅಳೆದು, ಉಬ್ಬದೆ ಇದ್ದ ಹದಿನಾರನ್ನು ಆರಿಸಿದೆ. ಲಿಥಿಯಂ ಸೆಲ್ಲು, ಒಂದೊಂದು ಮೂರೂ ಚಿಲ್ಲರೆ ವೋಲ್ಟ್. ಹದಿನಾರೂ ಸೇರಿ ಐವತ್ತೊಂದು ವೋಲ್ಟ್, ಐವತ್ತು ಆಂಪಿಯರ್ ಅವರ್, ಅಂದರೆ ಒಳಗೆ ಹಿಡಿಯುವ ಒಟ್ಟು ಕರೆಂಟಿನ ಅಳತೆ. ಅದೇ ರಿಕ್ಷಾದ ಮೋಟಾರು ಸುಟ್ಟಿತ್ತು. ಸುಟ್ಟಿದ್ದೇ ನನಗೆ ಬೇಕಾದದ್ದು. ಜೋಡಿಸುವ ಕೆಲಸಕ್ಕೆ ಸಿರಸಿಯ ಮೆಕ್ಯಾನಿಕ್ ಅಲ್ತಾಫ್. ನಲವತ್ತರ ಮನುಷ್ಯ, ಬಾಯಿ ಒಂದು ನಿಮಿಷ ಸುಮ್ಮನಿರುವುದಿಲ್ಲ, ಕೈ ಮಾತ್ರ ಚೊಕ್ಕ. ಇಂಜಿನ್ ಇಳಿಸಿ, ಆ ಜಾಗದಲ್ಲಿ ಮೋಟಾರಿಗೆ ಪಟ್ಟಿ ವೆಲ್ಡ್ ಮಾಡಿ, ಹಿಂದಿನ ಚಕ್ರಕ್ಕೆ ಚೈನು ಎಳೆದ. ಚಕ್ರಕ್ಕೆ ಹಿಡಿಸುವಷ್ಟು ದೊಡ್ಡ ಹಲ್ಲುಗಾಲಿಯನ್ನೇ ಹಾಕಿದ. ಅದಕ್ಕಿಂತ ದೊಡ್ಡದಾದರೆ ಕಲ್ಲಿಗೆ ಬಡಿಯುತ್ತಿತ್ತು.

ಮೋಟಾರು ಬಿಚ್ಚಿದಾಗ ಪ್ರತಿ ಕಾಯಿಲ್‌ಗೆ ಆರು ಸುತ್ತು ಇತ್ತು, ಹನ್ನೆರಡು ಎಳೆ ತಂತಿ ಕೂಡಿಸಿ ಸುತ್ತಿದ್ದು. ನಾನು ಐದು ಸುತ್ತಿ, ಹದಿನಾಲ್ಕು ಎಳೆ ಮಾಡಿದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಗುಡ್ಡ ಹತ್ತುವ ಮೋಟಾರಿಗೆ ಬಲ ಬೇಕು, ಬಲ ಬೇಕೆಂದರೆ ಸುತ್ತು ಕಮ್ಮಿ. ಪಂಪಿನ ಲೆಕ್ಕ. ವಾರ್ನಿಷ್ ಹೊಡೆದು, ಡಬ್ಬದೊಳಗೆ ಇನ್ನೂರು ವಾಟಿನ ಬಲ್ಬು ಹಚ್ಚಿ ಒಣಗಿಸಿ ಕೊಟ್ಟೆ. ಸಿರಸಿಯ ಟಾರು ರಸ್ತೆಯ ಮೇಲೆ ಅಲ್ತಾಫ್ ಓಡಿಸಿ ನೋಡಿ ಬಂದು, ಹಾರಿಕೊಂಡು ಹೋಗುತ್ತದೆ ಎಂದ. ಬ್ಯಾಟರಿಯನ್ನೂ ಲೆಕ್ಕ ಹಾಕಿದ್ದೆವು. ಒಂದು ಸಲ ಚಾರ್ಜ್ ಮಾಡಿದರೆ ಮೇಲಿನಕೇರಿಗೆ ಮೂರು ಸಲ ಹೋಗಿ ಬರಬಹುದು. ಅದು ಸುಳ್ಳಲ್ಲ. ಲೆಕ್ಕ ಬೇರೆಯೇ ಹಾಕಬೇಕಿತ್ತು.

ಮೇ ತಿಂಗಳ ಎರಡನೇ ವಾರ ಬೆಳಿಗ್ಗೆ ಹೊರಟೆವು. ಟಾರು ಮುಗಿಯುವಲ್ಲಿಂದ ಮೇಲಿನಕೇರಿಗೆ ಐದು ಕಿಲೋಮೀಟರ್. ನಾಲ್ಕು ಕಿಲೋಮೀಟರ್ ಹಳೆಯ ಗಾಡಿದಾರಿ, ಕೊನೆಗೊಂದು ಕಲ್ಲಿನ ಏರು, ಅದು ದಾಟಿದರೆ ಸಪಾಟು. ಬೈಕಿಗೆ ಸದ್ದಿಲ್ಲ. ಹಕ್ಕಿ ಕೂಗುವುದು ಕೇಳುತ್ತಿತ್ತು, ಎಲೆಯ ಮೇಲೆ ಟಯರು ಉರುಳುವುದು ಕೇಳುತ್ತಿತ್ತು. ಮುರಿದ ಮೋರಿಗಳ ಹತ್ತಿರ ನಾನು ಇಳಿದು ನಡೆದೆ, ಅವರು ಬೈಕನ್ನು ಬದಿಯಿಂದ ದಾಟಿಸಿದರು. ಹೆಗಡೆಯವರು ಮೂರು ವರ್ಷದಿಂದ ಕಟ್ಟಿಟ್ಟಿದ್ದ ಮಾತನ್ನೆಲ್ಲ ಆ ನಾಲ್ಕು ಕಿಲೋಮೀಟರಿನಲ್ಲಿ ಆಡಿ ಮುಗಿಸಿದರು. ನನ್ನ ಕಣ್ಣು ದಾರಿಯ ಮೇಲಿತ್ತು. ಪ್ರತಿ ತಿರುವೂ ನನಗೆ ಗುರುತು ಸಿಗುತ್ತಿತ್ತು.

ಏರಿನ ಅರ್ಧಕ್ಕೆ ಬೈಕು ಸತ್ತಿತು. ಕೆಮ್ಮಲಿಲ್ಲ, ನಿಧಾನವಾಗಲಿಲ್ಲ. ಮೀಟರ್ ಕಪ್ಪಾಯಿತು, ಅಷ್ಟೆ. ಬೈಕು ಹಿಂದಕ್ಕೆ ಜಾರಿತು. ನಾನು ಬದಿಗೆ ಬಿದ್ದೆ, ಮೊಣಕೈ ತರಚಿತು. ಹೆಗಡೆಯವರು ಬ್ರೇಕು ಹಿಡಿದು ಮರದ ಕಾಲನ್ನು ಕಲ್ಲಿಗೆ ಊರಿ ನಿಲ್ಲಿಸಿದರು. ಐದು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಮೀಟರ್ ಹತ್ತಿತು. ಮತ್ತೆ ಹತ್ತಿದೆವು, ಮೂರು ಮಾರು ಹೋಗಿ ಮತ್ತೆ ಸತ್ತಿತು. ಮೂರನೆಯ ಸಲವೂ ಅದೇ. ಅಲ್ಲಿಂದ ಏರಿನ ತಲೆ ಕಾಣುತ್ತಿತ್ತು, ಅದರ ಹಿಂದೆ ಮಾವಿನ ಮರಗಳ ತುದಿ. ನಾನು ಎಣಿಸಿದೆ, ಏಳೂ ಇದ್ದವು. ಒಂದು ಉಳಿದವಕ್ಕಿಂತ ತಗ್ಗಿ, ಓರೆಯಾಗಿತ್ತು.

ನಾನು ತೆವಳಿಕೊಂಡಾದರೂ ಹೋಗುತ್ತೇನೆ ಎಂದು ಹತ್ತು ಹೆಜ್ಜೆ ಹತ್ತಿದೆ. ಮಂಡಿ ಕೂತುಬಿಟ್ಟಿತು. ಹೆಗಡೆಯವರು ಬಿಸಿಲಿನಲ್ಲಿ ಬೈಕಿಗೆ ಒರಗಿ ನಿಂತಿದ್ದರು.

"ವಾಸನೆ ಬತ್ತಾ ಇದ್ದು, ಗೌರಕ್ಕ," ಎಂದರು. ಯಾವ ವಾಸನೆಯೂ ಬರುತ್ತಿರಲಿಲ್ಲ. ನಾನು ಹೌದು ಎಂದೆ.

ಇಳಿಯುವಾಗ ಮೋಟಾರು ಬೇಕಾಗಲಿಲ್ಲ.

ಸಿರಸಿಗೆ ಒಯ್ದು ನೋಡಿದಾಗ ಏನೂ ಕೆಟ್ಟಿರಲಿಲ್ಲ. ಲಿಥಿಯಂ ಬ್ಯಾಟರಿಯ ಒಳಗೆ ಬಿಎಂಎಸ್ ಎಂಬ ಒಂದು ಸಣ್ಣ ಬೋರ್ಡು ಇರುತ್ತದೆ. ಅದು ಕಾವಲುಗಾರ. ನಮ್ಮದರ ಮಿತಿ ಒಂದೇ ಸಲಕ್ಕೆ ಐವತ್ತು ಆಂಪಿಯರ್. ಅದಕ್ಕಿಂತ ಹೆಚ್ಚು ಎಳೆದರೆ ಹೇಳದೆ ಕೇಳದೆ ಬಾಗಿಲು ಹಾಕುತ್ತದೆ. ಟಾಂಗ್ ಟೆಸ್ಟರ್ ಎಂದರೆ ತಂತಿಯನ್ನು ಇಕ್ಕಳದಂತೆ ತಬ್ಬಿ ಆಂಪಿಯರ್ ತೋರಿಸುವ ಮೀಟರ್. ಅದನ್ನು ಕಚ್ಚಿಸಿ, ಹಿಂದೆ ಭಾರ ಕೂರಿಸಿ, ಕಡಿದಾದ ಒಂದು ಮಣ್ಣಿನ ದಾರಿ ಹತ್ತಿಸಿದೆವು. ಐವತ್ತೆಂಟು ತೋರಿಸಿ ಸತ್ತಿತು. ತೊಟ್ಟಿ ತುಂಬ ನೀರಿದೆ, ಹೊರಗೆ ಬರುವ ಪೈಪು ಮಾತ್ರ ಒಂದಿಂಚು. ನಾನು ತೊಟ್ಟಿ ಅಳೆದಿದ್ದೆ, ಪೈಪು ನೋಡಿರಲಿಲ್ಲ.

ಅಲ್ತಾಫ್ ಸುಲಭದ ದಾರಿ ಹೇಳಿದ. ಬೋರ್ಡನ್ನೇ ತೆಗೆದು ಸೆಲ್ಲಿನಿಂದ ನೇರ ಕೊಟ್ಟುಬಿಡೋಣ ಎಂದ. ಹಾಗೆ ಮಾಡುವವರು ಇದ್ದಾರೆ. ಸೋಲಾರ್ ಬೇಲಿಯ ಬ್ಯಾಟರಿಯೊಂದು ಕಾವಲಿಲ್ಲದೆ ಉಬ್ಬಿ ಹೊಗೆಯಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಒಂದು ಕಾಲಿನ ಮನುಷ್ಯ ಹಾಗೆ ಬೆಂಕಿ ಹತ್ತಿದ ಬೈಕಿನಿಂದ ಇಳಿದು ಓಡುವುದು ಹೇಗೆ? ಬೇಡ ಎಂದೆ. ಇನ್ನೊಂದು ಬ್ಯಾಟರಿ ಸೇರಿಸೋಣವೆಂದರೆ ಅಂಥ ಸೆಲ್ ಮತ್ತೆ ಸಿಗಬೇಕು. ದಿನ ಇರಲಿಲ್ಲ.

ಆಮೇಲೆ ಅವನೇ ಕೇಳಿದ. ಮೋಟಾರಿಗೆ ಎಷ್ಟು ಸುತ್ತು ಹಾಕಿದ್ದೀರಿ ಅಂತ. ಹೇಳಿದೆ. ಮೊದಲು ಎಷ್ಟಿತ್ತು ಅಂದ. ಅದೂ ಹೇಳಿದೆ. ಅವನು ಸ್ಪ್ಯಾನರ್ ಕೆಳಗಿಟ್ಟ.

"ಅಕ್ಕಾ, ಇದು ಪಂಪ್‌ಸೆಟ್ ಅಲ್ರೀ. ಇಲ್ಲಿ ವೋಲ್ಟೇಜು ಯಾರೂ ಕದಿಯಂಗಿಲ್ಲ."

ಅಷ್ಟೇ ಸಾಕಾಯಿತು. ಐವತ್ತೊಂದು ವೋಲ್ಟ್ ಪೂರ್ತಿ ಇದ್ದ ಬ್ಯಾಟರಿಗೆ ನಾನು ಬಡ ಕರೆಂಟಿನ ಮೋಟಾರು ಕಟ್ಟಿದ್ದೆ. ಇಲ್ಲಿ ಕಮ್ಮಿ ಇರುವುದು ವೋಲ್ಟೇಜ್ ಅಲ್ಲ, ಆಂಪಿಯರ್. ಸುತ್ತು ಹೆಚ್ಚು ಹಾಕಬೇಕಿತ್ತು. ಸುತ್ತು ಹೆಚ್ಚಾದರೆ ಮೋಟಾರು ನಿಧಾನ ತಿರುಗುತ್ತದೆ, ಆದರೆ ಪ್ರತಿ ಆಂಪಿಯರಿಗೂ ಹೆಚ್ಚು ಬಲ ಕೊಡುತ್ತದೆ. ಎತ್ತಿಗೂ ಕುದುರೆಗೂ ಇರುವ ವ್ಯತ್ಯಾಸ. ಅಲ್ತಾಫ್ ಚಾ ತರಿಸಿದ. ಅವನು ಸುಮ್ಮನಿದ್ದದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಸಿದ್ದಾಪುರಕ್ಕೆ ಬಂದು ಮೋಟಾರು ಬಿಚ್ಚಿದೆ. ಸುಡದ ಕಾಯಿಲನ್ನು, ಅದೂ ನಾನೇ ಸುತ್ತಿದ್ದನ್ನು, ಅದುವರೆಗೆ ಎಂದೂ ಕಿತ್ತಿರಲಿಲ್ಲ. ಹೊಸ ತಾಮ್ರ ಹೊಳೆಯುತ್ತಿತ್ತು. ಇಕ್ಕಳ ಹಾಕಿ ಎಳೆದೆ. ಈ ಸಲ ಏಳು ಸುತ್ತು, ಹತ್ತು ಎಳೆ. ಬೆರಳು ಐದಕ್ಕೇ ನಿಲ್ಲಲು ನೋಡುತ್ತಿತ್ತು. ಪ್ರತಿ ಕಾಯಿಲ್‌ಗೂ ಬಾಯಿಬಿಟ್ಟು ಎಣಿಸಿದೆ, ಶಾಲೆಗೆ ಸೇರಿದ ಮಗುವಿನ ಹಾಗೆ. ಮೂರು ದಿನ ಹಿಡಿಯಿತು. ಒಂದು ಸಂಜೆ ಗುಡುಗಿತು. ಹೆಗಡೆಯವರು ಅಂಗಡಿಯ ಬೆಂಚಿನ ಮೇಲೆ ಕೂತು ಆಕಾಶ ನೋಡುತ್ತಿದ್ದರು, ನನಗೆ ಅವಸರ ಮಾಡಲಿಲ್ಲ.

ಪರೀಕ್ಷೆಗೆ ನಾನು ನನ್ನ ತೂಕದ ಮರಳು ಚೀಲ ಕಟ್ಟಿಸಿದೆ. ನನ್ನ ತೂಕ ಐವತ್ತೆರಡು ಕೆಜಿ. ಊರ ಹೊರಗಿನ ಕಡಿದಾದ ಏರು ಹುಡುಕಿ, ನಡುವೆ ಕಲ್ಲು ಹಾಕಿಸಿದೆವು. ಹೆಗಡೆಯವರು ಒಬ್ಬರೇ ಹತ್ತಿದಾಗ ಮೂವತ್ನಾಲ್ಕು ಆಂಪಿಯರ್, ಕಲ್ಲಿಗೆ ತಾಗಿದ ಕ್ಷಣಕ್ಕೆ ನಲವತ್ತೊಂದು. ದಾಟಿತು. ಮರಳು ಚೀಲ ಕಟ್ಟಿದಾಗ ನಲವತ್ತೈದು. ಕಲ್ಲಿಗೆ ತಾಗಿದ್ದೇ ಐವತ್ತೊಂದಾಗಿ ಬಾಗಿಲು ಬಿತ್ತು. ಮತ್ತೆ ಮಾಡಿಸಿದೆ. ಐವತ್ತೆರಡು. ಮೂರನೇ ಸಲ ಒಮ್ಮೆ ದಾಟಿತು, ನಾಲ್ಕನೇ ಸಲ ಇಲ್ಲ. ಮೇಲಿನಕೇರಿಯ ಏರಿನಲ್ಲಿ ಅಂಥ ಕಲ್ಲು ನೂರಿವೆ.

ನಾನು ಚೀಲ ಬಿಚ್ಚಿ ಬದಿಗಿಟ್ಟೆ.

"ಹೆಗಡೇರೆ, ನಾ ಬರಲ್ಲ. ನೀವೊಬ್ರೇ ಹೋಗಿ."

"ನೀ ಬಾರದ್ರೆ ಆ ಏಳ್ರಲ್ಲಿ ಮರ ಯಾವ್ದು ಹೇಳಿ ಆನು ಎಂತ ಮಾಡಿ ತಿಳ್ಕಳ್ಳವು? ಬಗ್ಗಿದ್ದು ಅದೇ ಹೇಳಿ ಎಂತ ಖಾತ್ರಿ?"

"ಎಲೆ ತೊಟ್ಟು ಮುರಿರಿ. ಸೊನೆ ಮೂಸಿ. ನಿಮ್ಮ ಮೂಗಿಗೆ ಗೊತ್ತಾಗದಿದ್ರೆ ಮತ್ಯಾರಿಗೆ ಗೊತ್ತಾಗ್ತದೆ?"

ಬೇರೆ ಯಾರದಾದರೂ ಪೆಟ್ರೋಲ್ ಬೈಕಿನ ಹಿಂದೆ ನಾನು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳಿ ನೋಡಿದ್ದೆ. ಏರು ನೋಡಿ ಬಂದ ಒಬ್ಬ, ಹಿಂದೆ ಆಳು ಕೂತರೆ ಮುಂದಿನ ಚಕ್ರ ಏಳುತ್ತದೆ, ನಿಮ್ಮನ್ನು ಬೀಳಿಸಿದ ಪಾಪ ನನಗೆ ಬೇಡ ಎಂದ. ಸರಿಯಾಗಿಯೇ ಹೇಳಿದ.

ಮೇ ಕೊನೆಯ ವಾರ, ಬೆಳಿಗ್ಗೆ ಏಳಕ್ಕೆ ಟಾರು ಮುಗಿಯುವಲ್ಲಿಂದ ಹೆಗಡೆಯವರು ಹತ್ತಿದರು. ನಾನು ಬಸ್ ತಂಗುದಾಣದ ಕಟ್ಟೆಯ ಮೇಲೆ ಕೂತೆ. ಕಳಿಸುವಾಗ ಒಂದೇ ಮಾತು ಹೇಳಿದ್ದೆ: ಕಣ್ಣು ಮೀಟರಿನ ಮೇಲಿರಲಿ, ಆಂಪಿಯರ್ ಹೆಚ್ಚು ಎಳೆದಷ್ಟೂ ವೋಲ್ಟ್ ಇಳಿಯುತ್ತದೆ, ಏರಿನಲ್ಲಿ ನಲವತ್ತಾರು ವೋಲ್ಟಿಗಿಂತ ಕೆಳಗೆ ಹೋದರೆ ನಿಲ್ಲಿಸಿ, ಆರಲು ಬಿಡಿ. ಎರಡು ತಾಸು ಹತ್ತು ನಿಮಿಷಕ್ಕೆ ಅವರು ತಿರುವಿನಲ್ಲಿ ಕಂಡರು. ಸದ್ದಿಲ್ಲದ ಬೈಕು, ಮೊದಲು ಅವರ ನಗು ಕಂಡಿತು. ಮೂವತ್ತು ಕುಡಿ ಆರಿಸಿ ಎಲೆ ಚಿವುಟಿ ಬಂದಿದ್ದರು. ಜೇಬಿನಿಂದ ಒಂದು ಎಲೆ ತೆಗೆದು ನನ್ನ ಕೈಗಿಟ್ಟರು. ತೊಟ್ಟು ಮುರಿದು ಮೂಗಿಗೆ ಹಿಡಿದೆ. ಜೀರಿಗೆ. ಸ್ವಲ್ಪ ತಡೆದು ಕರ್ಪೂರ. ಅದೇ ಮರ.

ಆಮೇಲೆ ಕೇಳಿದೆ, ಮರದಿಂದ ಮೇಲೆ ನಮ್ಮ ಮನೆಯ ಪಾಯ ಇತ್ತು, ಕಂಡಿತಾ ಅಂತ.

ಅವರು ಹೆಲ್ಮೆಟ್ ತೆಗೆಯುತ್ತಿದ್ದವರು ಹಾಗೇ ನಿಂತರು. "ಆನು ನೋಡಿದ್ನಿಲ್ಲೆ, ಗೌರಕ್ಕ. ನೀನು ಮೀಟರ್ ನೋಡು ಹೇಳಿದ್ದೆ, ಅದ್ನೇ ನೋಡಿದಿ. ಮರ ಮುಗ್ದಿದ್ದೇ ಇಳ್ದಿ."

ತಪ್ಪೇನಿಲ್ಲ. ಹೇಳಿದ್ದನ್ನು ಮಾಡಿದ್ದರು.

ಹತ್ತು ದಿನಕ್ಕೆ ಮತ್ತೆ ಹೋದರು. ಆ ದಿನ ಮೋಡ ಕಟ್ಟಿತ್ತು. ಮೋಟಾರಿನ ಕಂಟ್ರೋಲರ್ ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿ ಕಳಿಸಿದೆ. ಮನೆ ನೋಡಿ ಬನ್ನಿ ಎಂದು ಈ ಸಲವೂ ಹೇಳಲಿಲ್ಲ. ಮಳೆ ಮೊದಲೋ ಅವರು ಮೊದಲೋ ಎನ್ನುವ ಹಾಗಿತ್ತು. ಇಳಿಯುವಾಗ ಕೊನೆಯ ಒಂದು ಕಿಲೋಮೀಟರ್ ಸುರಿದೇ ಸುರಿಯಿತು. ಕಡ್ಡಿಗಳನ್ನು ಬಾಳೆಪಟ್ಟೆಯಲ್ಲಿ ಸುತ್ತಿ, ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ಬಂದಿದ್ದರು. ಇಪ್ಪತ್ತಾರು. ಒದ್ದೆ ಕೈಯಲ್ಲೇ ಎಣಿಸಿದರು. ಆಮೇಲೆ ತಾವಾಗಿಯೇ ಹೇಳಿದರು, ಈ ಸಲ ನೋಡಿದೆ, ಮೇಲೆ ಗಿಡಗಂಟಿಯಲ್ಲಿ ಒಂದು ಒರಳುಕಲ್ಲು ಇದೆ, ಪಾಯ ಗೀಯ ಕಾಣಲಿಲ್ಲ, ಒರಳು ನಿಮ್ಮದೋ ಏನೋ ಎಂದು. ನಾಲ್ಕು ಮನೆಗೂ ಒರಳಿತ್ತು, ಯಾರದಾದರೂ ಇರಬಹುದು ಎಂದೆ. ನಮ್ಮ ಒರಳಿನ ಬಾಯಿ ಒಂದು ಕಡೆ ಮುಕ್ಕಾಗಿತ್ತು. ಮುಕ್ಕಾಗಿತ್ತಾ ಎಂದು ಕೇಳಲಿಲ್ಲ. ಕೇಳಿದ್ದರೆ ಅವರು ಮೂರನೇ ಸಲ ಹೊರಟುಬಿಡುತ್ತಿದ್ದರು, ಆ ಮಳೆಯಲ್ಲಿ.

ಆಷಾಢದಲ್ಲಿ ಮರ ಬಿತ್ತು. ಹಳ್ಳ ಅದನ್ನು ಎಲ್ಲಿಗೆ ಒಯ್ಯಿತೋ, ಬೇರಿನ ಗುಂಡಿ ಮಾತ್ರ ಉಳಿದಿದೆಯಂತೆ. ಇಪ್ಪತ್ತಾರು ಕಡ್ಡಿಯಲ್ಲಿ ಹಿಡಿದದ್ದು ಒಂಬತ್ತು.

ಮುಂದಿನ ವರ್ಷ ಅಲ್ತಾಫ್ ದೊಡ್ಡ ಬ್ಯಾಟರಿ ಸಿಕ್ಕಿದೆ, ನೂರು ಆಂಪಿಯರ್ ಕೊಡುತ್ತದೆ, ಈಗ ಇಬ್ಬರೂ ಹೋಗಿ ಎಂದ. ಅಷ್ಟರಲ್ಲಿ ಏರಿನ ಕೆಳಗಿನ ದಾರಿಯೇ ಕುಸಿದಿತ್ತು. ಹೆಗಡೆಯವರು ಆ ಬೈಕಿನಲ್ಲಿ ಈಗಲೂ ಬೇರೆ ಹಳ್ಳ ತಿರುಗುತ್ತಾರೆ, ಅದೇ ಏಳು ಸುತ್ತಿನ ಮೋಟಾರು. ಅದಾದ ಮೇಲೆ ನಾನು ಇನ್ನೂ ನಾಲ್ಕು ಬೈಕಿಗೆ ಮೋಟಾರು ಸುತ್ತಿಕೊಟ್ಟೆ. ಬರುವವರೆಲ್ಲ ಮೊದಲು ಕೇಳುವುದು, ಎಷ್ಟು ವಾಟಿನ ಮೋಟಾರು, ಎಷ್ಟು ಸ್ಪೀಡು ಅಂತ. ಮೊದಲು ಬ್ಯಾಟರಿ ತನ್ನಿ, ಅದು ಒಂದೇ ಸಲಕ್ಕೆ ಎಷ್ಟು ಕೊಡುತ್ತದೆ ನೋಡುತ್ತೇನೆ, ಆಮೇಲೆ ಮೋಟಾರಿನ ಮಾತು ಎನ್ನುತ್ತೇನೆ. ಕೊಡುವವನ ಶಕ್ತಿ ತಿಳಿಯದೆ ಕೇಳುವವನನ್ನು ಕಟ್ಟಬಾರದು. ಇದು ನನಗೆ ಎಪ್ಪತ್ತನೇ ವಯಸ್ಸಿನಲ್ಲಿ, ಸಾವಿರಾರು ಮೋಟಾರು ಸುತ್ತಿದ ಮೇಲೆ ತಿಳಿದದ್ದು. ತಡವಾಯಿತು, ಏನು ಮಾಡುವುದು.

ಈ ವರ್ಷ ಶಿವರಾತ್ರಿಯ ಹೊತ್ತಿಗೆ ಹೆಗಡೆಯವರು ಫೋನು ಮಾಡಿ ಬಾ ಎಂದರು. ಬಸ್ಸಿಗೆ ಹೋದೆ. ಒಂಬತ್ತರಲ್ಲಿ ಒಂದು ಗಿಡ ಅವರ ತೋಟದ ಕೆಳಗಿನ ಕಾಲುವೆಯ ದಂಡೆಯ ಮೇಲಿದೆ, ನನ್ನ ಸೊಂಟದಷ್ಟು ಎತ್ತರ. ಅದು ಹೂಬಿಟ್ಟಿತ್ತು. ಒಂದೇ ಗೊಂಚಲು, ಅದರಲ್ಲಿ ಮೆಣಸಿನ ಕಾಳಿನಂಥ ಎಳೆಗಾಯಿ ಎಂಟೋ ಹತ್ತೋ ಕೂತಿದ್ದವು. ಕಸಿ ಗಿಡದ ಮೊದಲ ಹೂವನ್ನು ಇಟ್ಟುಕೊಳ್ಳುವುದಿಲ್ಲ, ಚಿವುಟಿಬಿಡುತ್ತಾರೆ. ಇಟ್ಟರೆ ಕಾಯಿಗೆ ಹೋದ ಸತ್ವ ಬೇರಿಗೆ ಸಿಗದೆ ಗಿಡ ಸೊರಗುತ್ತದೆ. ಅದನ್ನು ನನಗೆ ಹೇಳಿಕೊಟ್ಟವರೇ ಅವರು.

"ಇದೊಂದು ಗೊಂಚಲು ಬಿಡನ, ಗೌರಕ್ಕ," ಎಂದರು. "ನಿಂಗೆ ಎಪ್ಪತ್ಮೂರು ಆತು. ನಾಲ್ಕು ಮಿಡಿ ಆದ್ರೂ ಸಿಗ್ತು."

ನಾನು ಬಗ್ಗಿ ಗಿಡದ ಬುಡವನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದೆ. ಹೆಬ್ಬೆರಳಿನ ದಪ್ಪವೂ ಇರಲಿಲ್ಲ.

"ಇದ್ರ ಕೈಲಿ ಆಗಲ್ಲ, ಹೆಗಡೇರೆ. ಚಿವುಟಿ."

ಅವರು ಕೈ ಮುಂದೆ ಮಾಡಲಿಲ್ಲ. ನಾನೇ ಉಗುರು ಹಾಕಿ ಚಿವುಟಿದೆ. ಸೊನೆ ಬೆರಳಿಗೆಲ್ಲ ಹತ್ತಿತು, ಜೀರಿಗೆ, ಆಮೇಲೆ ಕರ್ಪೂರ.

ಚಾ ಕುಡಿಯದೆ ಹೊರಟುಬಂದೆ, ಕೈ ತೊಳೆಯಬೇಕಾಗುತ್ತಿತ್ತು. ಬಸ್ಸಿನಲ್ಲಿ ಹೆಂಗಸರ ಬಿಟ್ಟಿ ಟಿಕೀಟಿಗೆ ಆಧಾರ್ ಕಾರ್ಡನ್ನು ಎಡಗೈಯಲ್ಲಿ ತೋರಿಸಿದೆ. ಕಂಡಕ್ಟರ್ ಗೊಣಗಿದ. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಸಿದ್ದಾಪುರದವರೆಗೆ ಕೂತಿದ್ದೆ.